ಯಾರೂ ಏನೂ ಹೇಳದಿದ್ದರೆ

ಯಾರೂ ಏನೂ ಹೇಳದಿದ್ದರೆ ಅದು ಏನು ಮಾಡಬೇಕು ಎಂಬುದನ್ನು ಯಶೋಧರಾ ನಾಲ್ಕು ದಿನದಿಂದ ತೀರ್ಮಾನಿಸಲಾಗದೆ ಕೂತಿದ್ದಳು. ಅದು ಅಂದರೆ ಅವಳೇ ಬರೆದ ಒಂದು ಸಣ್ಣ ಪ್ರೋಗ್ರಾಮು. ಅದಕ್ಕೆ ಬಣ್ಣವಿಲ್ಲ, ಒತ್ತಲು ಗುಂಡಿಗಳಿಲ್ಲ. ಕಪ್ಪು ತೆರೆಯ ಮೇಲೆ ‘ಕೂಡಿಸು’ ಎಂದು ಅದರ ಹೆಸರು ಟೈಪು ಮಾಡಿ, ಯಾವ ಫೋಲ್ಡರಿನಿಂದ ಯಾವ ಫೋಲ್ಡರಿಗೆ ಎಂದು ಬರೆದು ಎಂಟರ್ ಹೊಡೆದರೆ ಆಯಿತು, ಬೇರೆ ಬೇರೆ ಕಡೆ ಬಿದ್ದಿರುವ ಎಕ್ಸ್‌ರೇ ಚಿತ್ರಗಳನ್ನೆಲ್ಲ ಎತ್ತಿ ರೋಗಿಯ ಹೆಸರಿಟ್ಟು ಒಂದೇ ಕಡೆ ಸೇರಿಸಿಡುತ್ತದೆ. ಶಹಾಬಾದಿನ ಈ ಎದೆರೋಗದ ದವಾಖಾನೆಯಲ್ಲಿ ದಾಖಲೆಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಇವತ್ತು ಸಂಜೆ ನಾಲ್ಕಕ್ಕೆ ಎಕ್ಸ್‌ರೇ ತೆಗೆಯುವ ಸುರೇಶಕುಮಾರ ಆ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸೇಡಂಗೆ ಹೋಗುತ್ತಾನೆ, ನಾಳೆ ಅಲ್ಲಿಂದ ಚಿಂಚೋಳಿಗೆ. ಟ್ರಸ್ಟಿನ ಮೂರೂ ದವಾಖಾನೆಗಳಲ್ಲಿ ಇನ್ನು ಮುಂದೆ ಇದೇ ನಡೆಯಬೇಕೆಂದು ಹಿರಿಯರು ಹೇಳಿದ್ದರು. ಉಳಿದದ್ದು ಒಂದೇ ಪ್ರಶ್ನೆ. ತಂದಿಡುವ ಜಾಗದಲ್ಲಿ ಅದೇ ಹೆಸರಿನ ಚಿತ್ರ ಮೊದಲೇ ಇದ್ದರೆ? ಅದರ ಮೇಲೆ ಹೊಸದನ್ನು ಬರೆಯಬೇಕೋ, ಹಳೆಯದನ್ನು ಉಳಿಸಿ ಹೊಸದನ್ನು ಕೈಬಿಡಬೇಕೋ, ಮತ್ತೇನಾದರೂ ಮಾಡಬೇಕೋ? ಓಡಿಸುವವರು ಮೊದಲೇ ಹೇಳಿದರೆ ಹೇಳಿದಂತೆ ಮಾಡುತ್ತದೆ, ಅದರ ಚಿಂತೆಯಿಲ್ಲ. ಆದರೆ ಚಿಂಚೋಳಿಯ ನರ್ಸು ಚಂದ್ರಕಲಾ ಏನೂ ಹೇಳುವವಳಲ್ಲ, ಎಂಟರ್ ಹೊಡೆದು ಚಹಾ ಕುಡಿಯಲು ಎದ್ದು ಹೋಗುವವಳು. ಹಾಗೆ ಯಾರೂ ಹೇಳದಿದ್ದಾಗ ತಾನಾಗಿ ಮಾಡುವ ಕೆಲಸಕ್ಕೆ ಡಿಫಾಲ್ಟು ಅನ್ನುತ್ತಾರೆ. ಅವಳು ಡಿಪ್ಲೊಮಾದಲ್ಲಿ ಓದಿದ ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟವೂ ಇರಲಿಲ್ಲ.

“ಮ್ಯಾಲೆ ಬರೀಲಿ ಬಿಡ್ರಿ ಮೇಡಂ,” ಎಂದ ಸುರೇಶಕುಮಾರ, ಬಾಗಿಲಿಗೆ ಒರಗಿ ನಿಂತು. “ಹೊಸಾದು ಬಂದಮ್ಯಾಲ ಹಳೇದು ಇಟ್ಕೊಂಡು ಏನ್ ಪೂಜಾ ಮಾಡೋದದ? ಜನವರಿ ಕ್ಯಾಂಪಿನಾಗ ಹಂಗೇ ಓಡಿಸಿದ್ರಲ್ಲ. ಯಾರಿಗರೆ ಏನರೆ ಆತೇನು?”

ಯಾರಿಗಾದರೂ ಏನಾದರೂ ಆಯಿತೇ? ಶುಕ್ರವಾರದ ತನಕ ಅವಳೂ ಹಾಗೇ ಕೇಳುತ್ತಿದ್ದಳು. ಶುಕ್ರವಾರ ಮಧ್ಯಾಹ್ನ, ಸೇಡಂಗೆ ಕಳಿಸುವ ಮೊದಲು ಒಮ್ಮೆ ತಾಳೆ ನೋಡೋಣವೆಂದು ಜನವರಿ ಶಿಬಿರದ ರಿಜಿಸ್ಟರು ತೆಗೆದಿದ್ದಳು. ತೆಗೆಯೆಂದು ಯಾರೂ ಹೇಳಿರಲಿಲ್ಲ, ತನ್ನ ಅಚ್ಚುಕಟ್ಟಿನ ಮೇಲೆ ತನಗೇ ಇದ್ದ ಜಂಬದಿಂದ ತೆಗೆದದ್ದು. ರಿಜಿಸ್ಟರಿನಲ್ಲಿ ಇನ್ನೂರ ಹನ್ನೆರಡು ಹೆಸರು, ಕಂಪ್ಯೂಟರಿನಲ್ಲಿ ಇನ್ನೂರ ಹನ್ನೊಂದು ಚಿತ್ರ. ಯಾರೋ ಹೆಸರು ಬರೆಸಿ ಸಾಲು ಬಿಟ್ಟು ಹೋಗಿರಬೇಕು ಅಂದುಕೊಂಡು ಮುಚ್ಚಿಡಬಹುದಿತ್ತು, ಮುಚ್ಚಿಟ್ಟಳು ಕೂಡ. ಚಿತ್ತಾಪುರದ ಬಸ್ಸು ಹಿಡಿಯಲು ಗೇಟಿನ ತನಕ ಹೋದವಳು ಯಾಕೋ ತಡೆಯದೆ ವಾಪಸು ಬಂದು, ಬ್ಯಾಗು ಹೆಗಲಿನಿಂದ ಇಳಿಸದೆ, ಬೆರಳಿಟ್ಟುಕೊಂಡು ಒಂದೊಂದೇ ಹೆಸರು ಓದಿದಳು. ಮೂವತ್ತೆಂಟನೆಯ ಸಾಲು: ಸಾಬಣ್ಣ ತಂದೆ ಅಣವೀರ, ವಯಸ್ಸು ಅರವತ್ತೊಂದು, ಪರಸಿ ಖಣಿ. ನೂರಾ ನಲವತ್ತನೆಯ ಸಾಲು: ಸಾಬಣ್ಣ ತಂದೆ ಅಣವೀರ, ವಯಸ್ಸು ಇಪ್ಪತ್ತೆರಡು, ಪರಸಿ ಖಣಿ. ಕೆಲಸ ಒಂದೇ, ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಖಣಿಯದು; ಊರೂ ಒಂದೇ, ಕಾಗಿಣಾ ಹೊಳೆಯ ದಂಡೆಯ ಹಳ್ಳಿ. ಅಜ್ಜ ಮತ್ತು ಮೊಮ್ಮಗ. ಕಂಪ್ಯೂಟರಿನಲ್ಲಿ ಆ ಹೆಸರಿನದು ಒಂದೇ ಚಿತ್ರವಿತ್ತು, ಎಳೆಯ, ಸ್ವಚ್ಛವಾದ ಎದೆ. ಅಜ್ಜನ ಚಿತ್ರದ ಮೇಲೆ ಮೊಮ್ಮಗನ ಚಿತ್ರವನ್ನು ಬರೆದು ‘ಮುಗಿಯಿತು’ ಎಂದು ಹೇಳಿ ಅವಳ ಪ್ರೋಗ್ರಾಮು ಸುಮ್ಮನಾಗಿತ್ತು.

ಹಿರಿಯ ಮಗನಿಗೆ ಅಜ್ಜನ ಹೆಸರಿಡುವುದು ಈ ಕಡೆಯ ಪದ್ಧತಿ. ಅಣವೀರನ ಮಗ ಸಾಬಣ್ಣ, ಸಾಬಣ್ಣನ ಮಗ ಅಣವೀರ, ಅವನ ಮಗ ಮತ್ತೆ ಸಾಬಣ್ಣ. ಹೊಳೆದಂಡೆಯ ಆ ಮನೆಗಳಲ್ಲಿ ಎರಡೇ ಹೆಸರುಗಳು ಸರದಿಯ ಮೇಲೆ ಬದುಕಿಕೊಂಡು ಬಂದಿವೆ. ಶಹಾಬಾದಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಇಷ್ಟು ಓದಿಕೊಂಡ ಯಶೋಧರಾಗೆ ಹೊಳೆಯಲಿಲ್ಲ. ಶಿಬಿರಕ್ಕೆ ಹೊರಗಿನಿಂದ ಎರಡು ಎಕ್ಸ್‌ರೇ ವ್ಯಾನು ಬಂದಿದ್ದವು. ಎರಡೂ ಒಂದು, ಎರಡು, ಮೂರು ಎಂದು ಅಂಕಿ ಹಾಕಿಕೊಂಡೇ ಚಿತ್ರ ತೆಗೆಯುತ್ತಿದ್ದವು. ಅಂಕಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಮೊದಲು ಕಂಡುಹಿಡಿದವಳು ಅವಳೇ. ಅದಕ್ಕೇ ಅಂಕಿ ತೆಗೆದು ಹೆಸರು, ತಂದೆಯ ಹೆಸರು, ಊರು ಹಾಕಿಸಿದ್ದಳು. ಮನುಷ್ಯನಿಗೆ ನಂಬರಿಗಿಂತ ಹೆಸರು ಒಳ್ಳೆಯದಲ್ಲವೇ ಎಂದು ಎಲ್ಲರ ಮುಂದೆ ಹೇಳಿಯೂ ಇದ್ದಳು. ವ್ಯಾನುಗಳು ತಮ್ಮ ಕಂಪ್ಯೂಟರು ಒರೆಸಿಕೊಂಡು ಬಂದ ದಾರಿಗೆ ಹೋದ ಮೇಲೆ ಅಜ್ಜನ ಎದೆ ಈ ಭೂಮಿಯ ಮೇಲೆ ಎಲ್ಲಿಯೂ ಉಳಿಯಲಿಲ್ಲ. ಅವಳ ಮನೆಯಲ್ಲಾದರೆ ಹೀಗೆ ಆಗುವ ಪ್ರಶ್ನೆಯೇ ಇರಲಿಲ್ಲ. ಅವಳ ಅಪ್ಪ ವಿಠೋಬಾ ವಾಡಿ ಜಂಕ್ಷನ್ನಿನಲ್ಲಿ ಹಳಿ ಕೆಲಸಕ್ಕಿದ್ದವನು. ಗಂಡುಮಗ ಹುಟ್ಟಿದಾಗ ಅಜ್ಜನ ಹೆಸರಿಡು ಎಂದು ಮನೆಯವರೆಲ್ಲ ಗಂಟುಬಿದ್ದರೂ ಒಪ್ಪದೆ ಕಪಿಲ ಎಂದಿಟ್ಟ, ಮಗಳಿಗೆ ಯಶೋಧರಾ ಎಂದು. “ಆ ಹೆಸರು ಹಿಡಿದು ಊರಾಗ ಮಂದಿ ಹೆಂಗ ಕೂಗತಿದ್ರು ನನಗ ಗೊತ್ತದ,” ಎಂದಿದ್ದನಂತೆ. “ಅದು ಅವರ ಜೋಡಿನೇ ಹೋಗ್ಲಿ. ನನ್ನ ಮಕ್ಕಳ ಹೆಸರು ಯಾರ ಬಾಯಾಗೂ ಮೊದಲು ಇದ್ದಿರಬಾರದು.” ಅಪ್ಪ ಅಷ್ಟು ಪ್ರೀತಿಯಿಂದ, ಅಷ್ಟು ಸಿಟ್ಟಿನಿಂದ ಕೊಟ್ಟ ಹೊಸ ಹೆಸರನ್ನು ಹೊತ್ತುಕೊಂಡು ಬೆಳೆದವಳಿಗೆ, ಒಂದೇ ಹೆಸರನ್ನು ಇಬ್ಬರು ಹಂಚಿಕೊಂಡು ಉಣ್ಣುವ ಮನೆ ನೆನಪಾಗಲೇ ಇಲ್ಲ. ಇದನ್ನು ಅಪ್ಪನಿಗೆ ಹೇಳಿದರೆ ನಗುತ್ತಾನೋ ನೊಂದುಕೊಳ್ಳುತ್ತಾನೋ ಗೊತ್ತಾಗದೆ ಅವನಿಗೂ ಹೇಳಿರಲಿಲ್ಲ.

ಮುದುಕ ಸಾಬಣ್ಣ ಮಾರ್ಚಿನಲ್ಲಿ ಕೆಮ್ಮು ಎಂದು ಬಂದಿದ್ದ. ಆ ವಾರ ದವಾಖಾನೆಯ ಎಕ್ಸ್‌ರೇ ಯಂತ್ರ ಕೆಟ್ಟು ಕೂತಿತ್ತು. ಜನವರಿಯದೇ ಇದೆಯಲ್ಲ ಎಂದು ಡಾಕ್ಟರ್ ಸುಮಂಗಲಾ ಕಂಪ್ಯೂಟರಿನಲ್ಲಿ ಹೆಸರು ಹುಡುಕಿ, ಚಿತ್ರ ತೆಗೆದು, ಎದೆ ಚೊಕ್ಕಟವಿದೆ ಎಂದು ಕೆಮ್ಮಿನ ಔಷಧಿ ಬರೆದು ಕಳಿಸಿದರು. ಹೊರಗೆ ಬಂದ ಮುದುಕ ಯಶೋಧರಾಳ ಕಿಟಕಿಯ ಹತ್ತಿರ ನಿಂತು, ಊರಿಗೆಲ್ಲ ಕೇಳುವ ಹಾಗೆ, “ಅಕ್ಕೋರೆ, ಡಾಕ್ಟರಮ್ಮ ಏನಂದ್ರು ಗೊತ್ತೇನ್ರಿ? ಇಪ್ಪತ್ತು ವರ್ಷದ ಹುಡುಗನ ಎದಿ ಇದ್ದಂಗದ ಅಂದ್ರು!” ಎಂದು ಎದೆ ಬಡಿದು ತೋರಿಸಿದ್ದ. ಅವಳೂ ನಕ್ಕಿದ್ದಳು. ಬರೀ ನಕ್ಕಿದ್ದರೆ ಹೇಗೋ ಆಗುತ್ತಿತ್ತು, “ಹಂಗಾರ ಇನ್ನೊಂದ್ ಲಗ್ನ ಮಾಡಬೇಕು ನಿಮಗ” ಎಂದು ಚಾಷ್ಟಿ ಬೇರೆ ಮಾಡಿದ್ದಳು. ಈಗ ಆ ಮಾತು ನೆನಪಾದಾಗಲೆಲ್ಲ, ಬಸ್ಸಿನಲ್ಲಿರಲಿ, ಅನ್ನಕ್ಕೆ ಕೈ ಹಾಕಿದಾಗಿರಲಿ, ಮೈ ಬಿಸಿಯಾಗಿ ನಾಚಿಕೆಯಾಗುತ್ತಿತ್ತು. ಹೇಳಬೇಕು ಅಂತ ಅವಳಿಗೆ ಗೊತ್ತಿರಲಿಲ್ಲವೇ? ಶನಿವಾರ ಎರಡು ಸಲ, ಸೋಮವಾರ ಮೂರು ಸಲ ಡಾಕ್ಟರರ ಬಾಗಿಲ ತನಕ ಹೋಗಿದ್ದಳು. “ಏನು ಯಶೋಧರಾ?” ಎಂದು ಅವರು ತಲೆಯೆತ್ತಿದೊಡನೆ, “ಏನಿಲ್ರಿ ಮೇಡಂ, ಪ್ರಿಂಟರಿಗೆ ಹಾಳಿ ಬೇಕಾಗ್ಯಾವ” ಎಂದು ವಾಪಸು ಬಂದಿದ್ದಳು. ಹಾಗೆ ಕೇಳಿ ಕೇಳಿ ಅವಳ ಮೇಜಿನ ಕೆಳಗೆ ಈಗ ಐದು ಬಂಡಲ್ ಹಾಳೆ ಕೂಡಿಬಿದ್ದಿದ್ದವು.

ನೌಕರಿ ಹೋಗುತ್ತದೆಂಬ ಹೆದರಿಕೆಯೇ ಆಗಿದ್ದರೆ ಅದನ್ನು ನುಂಗಿಕೊಳ್ಳಬಹುದಿತ್ತು. ಇದು ಬೇರೆಯದು. ಫೆಬ್ರುವರಿಯಲ್ಲಿ ಟ್ರಸ್ಟಿನ ಸಭೆಯಲ್ಲಿ ಅವಳಿಗೆ ಶಾಲು ಹೊದಿಸಿ, ಮೂರು ವಾರದ ಕೆಲಸ ಮೂರು ನಿಮಿಷದಲ್ಲಿ ಮಾಡಿದ ಹುಡುಗಿ ಎಂದು ಹೊಗಳಿದ್ದರು. ಕೆಳಗಿಳಿಯುವಾಗ ಹಿರಿಯರೊಬ್ಬರು ಪ್ರೀತಿಯಿಂದಲೇ, ನಿಜವಾದ ಪ್ರೀತಿಯಿಂದಲೇ, “ನಿಮ್ಮ ಮಂದ್ಯಾಗೂ ಈಗ ಭಾಳ ಶಾಣ್ಯಾ ಮಕ್ಕಳು ಹುಟ್ಟಲಿಕತ್ತಾವ ನೋಡವಾ” ಎಂದಿದ್ದರು. ಅವಳು ಶಾಲು ಸರಿಮಾಡಿಕೊಂಡು, ಹೌದ್ರಿ ಅಂದು, ಪೇಢೆ ತಿಂದು ಬಂದಿದ್ದಳು. ಅವತ್ತಿನಿಂದ ಅವಳಿಗೊಂದು ಲೆಕ್ಕ ಗೊತ್ತಾಗಿಹೋಗಿತ್ತು. ಶಾಣ್ಯಾತನ ಬಂದರೆ ತನ್ನ ಮಂದಿಯೆಲ್ಲರ ತಲೆಯ ಮೇಲೆ ಹೂವು, ತಪ್ಪು ಬಂದರೆ ಅದೂ ಎಲ್ಲರ ತಲೆಯ ಮೇಲೆಯೇ. ಸುರೇಶಕುಮಾರ ಹೋದ ವರ್ಷ ಒಂದು ಇಡೀ ದಿನದ ಚಿತ್ರಗಳನ್ನು ತಲೆಕೆಳಗಾಗಿ ತೆಗೆದಿದ್ದ. ಅದು ಸುರೇಶಕುಮಾರನ ತಪ್ಪಾಗಿ, ನಕ್ಕು ಮುಗಿದುಹೋಯಿತು. ತಾನು ಮಾಡಿದ ತಪ್ಪು ತನ್ನೊಬ್ಬಳದೇ ಆಗಿ ಉಳಿಯುವ ಭಾಗ್ಯ ತನಗಿಲ್ಲವಲ್ಲ ಎಂದು ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಆ ಉರಿ ಸುಳ್ಳಲ್ಲ. ಆದರೆ ಈ ನಾಲ್ಕು ದಿನ ಅದರ ಮರೆಯಲ್ಲಿ ತಾನು ಅಡಗಿ ಕೂತದ್ದೂ ಸುಳ್ಳಲ್ಲ.

ಹನ್ನೊಂದರ ಹೊತ್ತಿಗೆ ಕಿಟಕಿಯಲ್ಲಿ ಒಬ್ಬ ಮುದುಕಿ ಇಣುಕಿದಳು. ಬಿಸಿಲಿಗೆ ಸೆರಗನ್ನು ತಲೆತುಂಬ ಹೊದ್ದು, ಕೈಯಲ್ಲಿ ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿ ಹಿಡಿದಿದ್ದಳು.

“ಕಂಪ್ಯೂಟರ್ ಅಕ್ಕೋರು ನೀವೇ ಏನ್ರಿ?”

“ಹೌದ್ರಿ ಆಯಿ. ಒಳಗ ಬರ್ರಿ, ಕುಂದ್ರಿ.”

“ಕುಂದ್ರಂಗಿಲ್ರಿ, ಇದು ಕೊಟ್ಟು ಹನ್ನೆರಡರ ಬಸ್ಸಿಗೆ ಹೋಗ್ತೀನಿ. ನಾ ಅಂಬುಬಾಯಿ ಅಂತ. ನಮ್ಮ ಮನ್ಯಾಗಿನವರು ಮಾರ್ಚಿನಾಗ ಬಂದಿದ್ರಲ್ರಿ, ಹುಡುಗನ ಎದಿ ಅದ ಅಂದ್ರಲ್ಲ ಅವರಿಗೆ, ಅವರೇ. ದಿನಾ ಬೈಲಿಕತ್ತಿದ್ರು, ಅಕ್ಕೋರಿಗೆ ಹೊಳಿ ಮೀನ ಹುರಿದು ಒಯ್ದು ಕೊಡು, ಅವರ ಕಂಪ್ಯೂಟರೇ ನನಗ ಧೈರ್ಯ ಕೊಟ್ಟದ್ದು ಅಂತ.” ಡಬ್ಬಿಯನ್ನು ಮೇಜಿನ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಅದನ್ನೇ ನೋಡಿದಳು. “ಕೆಮ್ಮಿಗೆ ಹೆದರಿ ದಸರಾದಾಗೇ ಖಣಿ ಬಿಟ್ಟಿದ್ರು ನೋಡ್ರಿ. ಈಗ ಮತ್ತ ಹೋಗಲಿಕತ್ತಾರ. ಕಲ್ಲು ಕೊಯ್ಯೋ ಮಷೀನಿನ ಮುಂದ ಮೊಮ್ಮಗ ಒಂದು ಕಡಿ, ಇವರೊಂದು ಕಡಿ.”

“ಕೆಮ್ಮು ಹೆಂಗದ ಆಯಿ?”

“ಕೆಮ್ಮು ಅದ. ಆದ್ರ ಚೊಕ್ಕ ಎದಿ ಕೆಮ್ಮು ಅದು, ಅದರಿಂದ ಏನೂ ಆಗಂಗಿಲ್ಲ ಅಂತಾರ,” ಎಂದು ಮುದುಕಿ ನಕ್ಕಳು. ಡಬ್ಬಿಯಿಂದ ಖಾರ ಹಚ್ಚಿದ ಮೀನಿನ ವಾಸನೆ ಕೋಣೆಯ ತುಂಬ ಹರಡಿ, ಬಾಗಿಲಲ್ಲಿದ್ದ ಸುರೇಶಕುಮಾರ ಮೂಗು ಮುಚ್ಚಿಕೊಂಡು ಆಚೆ ಹೋದ.

ಯಾರೂ ಏನೂ ಕೇಳಿರಲಿಲ್ಲ. ಈಗ ಅವಳು ಸುಮ್ಮನಿದ್ದರೆ ಮುದುಕಿ ಬಸ್ಸು ಹತ್ತುತ್ತಾಳೆ, ಡಬ್ಬಿ ನಾಳೆ ತೊಳೆದು ಕಳಿಸಬಹುದು, ಸಾಬಣ್ಣ ನಾಳೆಯೂ ಬುತ್ತಿ ಹಿಡಿದು ಕಲ್ಲಿನ ದೂಳಿನೊಳಗೆ ಹೋಗಿ ನಿಲ್ಲುತ್ತಾನೆ. ಸುಮ್ಮನಿರುವುದಕ್ಕೆ ಏನೂ ಮಾಡಬೇಕಾಗಿಲ್ಲ, ತಾನಾಗಿಯೇ ಆಗುತ್ತದೆ. ನಾಲ್ಕು ದಿನ ತೆರೆಯ ಮುಂದೆ ಕೂತು ಯಂತ್ರ ಏನು ಮಾಡಬೇಕೆಂದು ಯೋಚಿಸುತ್ತಿದ್ದವಳು, ಯಾರೂ ಏನೂ ಹೇಳದಿದ್ದಾಗ ತಾನು ಏನು ಮಾಡುತ್ತೇನೆಂದು ಒಂದು ಗಳಿಗೆಯೂ ನೋಡಿಕೊಂಡಿರಲಿಲ್ಲ. ತಾನು ಮಾಡುವುದೂ ಅದನ್ನೇ. ಒಬ್ಬರ ಮೇಲೆ ಇನ್ನೊಬ್ಬರನ್ನು ಬರೆದು, ಮುಗಿಯಿತು ಎಂದು ಹೇಳಿ, ಸುಮ್ಮನಾಗುವುದು. ಯಂತ್ರಕ್ಕಾದರೋ ಎದುರಿಗೆ ನಿಂತವರು ಕಾಣುವುದಿಲ್ಲ. ಅವಳಿಗೆ ಅಂಬುಬಾಯಿಯ ಕೈಮೇಲಿನ ಹಚ್ಚೆ ಕಾಣುತ್ತಿತ್ತು, ಒಣಗಿದ ತುಟಿ ಕಾಣುತ್ತಿತ್ತು, ಮೀನಿನ ಡಬ್ಬಿಗೆ ಸುತ್ತಿದ ಬಟ್ಟೆ ಒಗೆದ ಮಡಿಬಟ್ಟೆಯೆಂಬುದೂ ಕಾಣುತ್ತಿತ್ತು. ಕಂಪ್ಯೂಟರಿನದು ತಪ್ಪಾಗಿದೆ ಎಂದು ಹೇಳೋಣವೆಂದು ಬಾಯಿ ತೆರೆದಳು.

“ಆಯಿ, ಕುಂದ್ರಿ. ಒಂದು ಮಾತದ. ಡಾಕ್ಟರು ನೋಡಿದ ಎದಿ ನಿಮ್ಮ ಮನ್ಯಾಗಿನವರದಲ್ಲ. ನಿಮ್ಮ ಮೊಮ್ಮಗಂದು. ಇಬ್ಬರದೂ ಒಂದೇ ಹೆಸರು, ಒಂದರ ಮ್ಯಾಲ ಒಂದು ಹೋಗಿಬಿಟ್ಟದ.”

ಮುದುಕಿ ಕೂರಲಿಲ್ಲ. “ಹಂಗಾರ ಅವರದು?”

“ಅಳಿಸಿಹೋಗ್ಯದ. ಯಾರೂ ನೋಡೇ ಇಲ್ಲ.”

“ಅಳಿಸಿದವರು ಯಾರು?”

“ನಾನು.”

ಹೇಳಿದ ಮೇಲೆ ಆ ಪದ ಎಷ್ಟು ಚಿಕ್ಕದೆಂದು ಅವಳಿಗೆ ಆಶ್ಚರ್ಯವಾಯಿತು. ಅಂಬುಬಾಯಿ ಡಬ್ಬಿಯ ಮುಚ್ಚಳವನ್ನು ಸೆರಗಿನ ಅಂಚಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. “ಎರಡು ತಿಂಗಳು ನಾನೇ ಬುತ್ತಿ ಕಟ್ಟಿ ಕಳಿಸೀನಲ್ಲ ತಂಗಿ,” ಎಂದಳು. ಅಕ್ಕೋರು ಹೋಗಿ ತಂಗಿ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. “ಬ್ಯಾಡ ಅನ್ನಬೇಕಂತ ಬಾಯಿತನ ಬರತಿತ್ತು. ಡಾಕ್ಟರೇ ಹೇಳ್ಯಾರಂದ್ರ ನಾ ಯಾರು ಅಂತ ಸುಮ್ಕಾದೆ. ನೀ ಎಂದ ತಿಳ್ಕೊಂಡಿ ಇದು?”

“ಶುಕ್ರವಾರ.”

“ಇವತ್ತ ಮಂಗಳವಾರ,” ಎಂದಳು ಅಂಬುಬಾಯಿ.

ಯಶೋಧರಾ ತಲೆ ತಗ್ಗಿಸಿದಳು. ಬೈದಿದ್ದರೆ, ಕಿರುಚಿದ್ದರೆ, ಜಾತಿ ಎತ್ತಿದ್ದರೂ ಅದಕ್ಕೆಲ್ಲ ಅವಳ ಹತ್ತಿರ ಉತ್ತರವಿತ್ತು; ಈಕೆ ಹೇಳಿದ್ದು ಬರೀ ವಾರದ ಹೆಸರು. ಅಷ್ಟರಲ್ಲಿ ಮುದುಕಿಯೇ ಕುರ್ಚಿ ಎಳೆದುಕೊಂಡು ಕೂತು, “ಇರ್ಲಿ. ಈಗರೆ ಹೇಳ್ದಿ. ಫೋನ್ ಹಚ್ಚು ಖಣಿಗೆ. ಇವತ್ತೇ ಕರಸು,” ಎಂದು ಸೊಂಟದ ಚೀಲದಿಂದ ನಂಬರು ಬರೆದ ಚೀಟಿ ತೆಗೆದುಕೊಟ್ಟಳು.

ಖಣಿಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಅಮೃತಪ್ಪ ಫೋನೆತ್ತಿದ. ಹಿಂದೆ ಕಲ್ಲು ಕೊಯ್ಯುವ ಯಂತ್ರ ಅರಚುತ್ತಿತ್ತು. ಸಾಬಣ್ಣನನ್ನು ದವಾಖಾನೆಗೆ ಕಳಿಸಿ ಎಂದಳು ಯಶೋಧರಾ. “ಯಾವ ಸಾಬಣ್ಣ ಬೇಕ್ರಿ? ನಾಕು ಮಂದಿ ಅದಾರ,” ಎಂದ. ಸಾಬಣ್ಣ ತಂದೆ ಅಣವೀರ ಎಂದಳು. “ಅದರಾಗೂ ಇಬ್ಬರದಾರ್ರಿ ಮೇಡಂ. ಯಾರನ್ನ ಕಳಸ್ಲಿ?” ಎಂದು ಕೇಳಿ ಉತ್ತರಕ್ಕೆ ಕಾದ. ಅವಳು ಫೋನು ಹಿಡಿದುಕೊಂಡು ಹಾಗೇ ಕೂತಳು. ಅಮೃತಪ್ಪ ಎಷ್ಟನೆಯ ಕ್ಲಾಸು ಓದಿದ್ದನೋ, ಓದಿದ್ದನೋ ಇಲ್ಲವೋ. ಮೊದಲು ಕಂಡ ಸಾಬಣ್ಣನನ್ನು ಗಾಡಿ ಹತ್ತಿಸಿ ಕಳಿಸಿ, ಕಳಿಸಿದೆ ಎಂದು ಹೇಳಿ ಫೋನಿಡಬಹುದಿತ್ತಲ್ಲ ಅವನು. ಹಾಗೆ ಮಾಡಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಗೊತ್ತಾಗದಿದ್ದರೆ ಕೈ ಹಾಕದೆ ಕೇಳುವುದು, ಅಷ್ಟೇ.

ಅಂಬುಬಾಯಿ ಫೋನು ಕಸಿದುಕೊಂಡಳು. “ಅಮೃತಪ್ಪಾ, ನಾ ಅಂಬುಬಾಯಿ. ಕಳಸು ಜಲ್ದಿ.” ಆ ಕಡೆಯಿಂದ, “ಹಾಂ ಆಯಿ, ಈಗೇ ನಮ್ಮ ಗಾಡಿ ಮ್ಯಾಲೆ ಕಳಸ್ತೀನಿ,” ಎಂದು ಕೇಳಿಸಿತು. ಅಷ್ಟರಲ್ಲೇ ಮುಗಿಯಿತು.

“ಹೆಸರೇ ಹೇಳಲಿಲ್ಲಲ್ಲ ಆಯಿ ನೀವು?”

“ಗಂಡನ ಹೆಸರು ಹೆಂಗ ಹೇಳ್ತಾರ? ಮೊಮ್ಮಗಂದೂ ಹೇಳಂಗಿಲ್ಲ ನಾ, ಅದೇ ಹೆಸರಲ್ಲ. ಹುಟ್ಟಿದಾಗಿಂದ ಅವನಿಗೆ ತಮ್ಮಾ ಅಂತೀನಿ. ತಮ್ಮಾ ಅನ್ನದೆ ಕಳಸು ಅಂದ್ರ ಇವರೇ ಅಂತ ಅಮೃತಪ್ಪಗ ಗೊತ್ತದ,” ಎಂದಳು ಮುದುಕಿ. ಬೇಡಬೇಡವೆಂದರೂ ಅವಳ ಮುಖದ ಮೇಲೆ ನಗೆ ಬಂದು ಹೋಯಿತು.

ಡಾಕ್ಟರ್ ಸುಮಂಗಲಾರ ಬಾಗಿಲಲ್ಲಿ ಈ ಸಲ ಯಶೋಧರಾ ಹಾಳೆ ಕೇಳಲಿಲ್ಲ. ನಿಂತಲ್ಲಿಯೇ, ಎಲ್ಲಿಯೂ ತಡೆಯದೆ, ಶುಕ್ರವಾರದಿಂದ ಈ ಹೊತ್ತಿನ ತನಕದ್ದನ್ನೆಲ್ಲ ಹೇಳಿದಳು. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಶುಕ್ರವಾರನೇ ಹೇಳಬೇಕಿತ್ತು,” ಎಂದರು. ದನಿ ಏರಿಸದೆ ಹೇಳಿದ್ದರಿಂದ ಅದು ಹೆಚ್ಚು ನಾಟಿತು. ಆಮೇಲೆ ಕಂಪ್ಯೂಟರು ತಿರುಗಿಸಿಕೊಂಡು ಆ ಚಿತ್ರ ತೆಗೆದು ಬಹಳ ಹೊತ್ತು ನೋಡಿದರು. “ಈ ಎಲುಬು ನೋಡು ಯಶೋಧರಾ. ಅರವತ್ತು ವರ್ಷದ ಮನುಷ್ಯಂದು ಇದು? ಒಂದು ನಿಮಿಷ ನಿಂತು ನೋಡಿದ್ರ ನನಗ ತಿಳೀಬೇಕಿತ್ತು. ಹೊರಗ ಐವತ್ತು ಮಂದಿ ಕೂತಿದ್ರು ಅವತ್ತು. ಹೆಸರು ನೋಡಿದೆ, ಚಿತ್ರ ನೋಡಿದೆ, ಮುಂದ ಕೂತ ಮನುಷ್ಯನ್ನ ನೋಡಲಿಲ್ಲ.” ಎದ್ದು ಕೋಟು ಹಾಕಿಕೊಂಡರು. “ಟ್ರಸ್ಟಿಗೆ ನಾ ಬರೀತೀನಿ, ಇಬ್ಬರ ತಪ್ಪು ಅಂತ. ಸುರೇಶಗ ಹೇಳು, ಮಷೀನು ಚಾಲೂ ಇಡು.” ಇಬ್ಬರ ತಪ್ಪು ಎಂಬ ಮಾತು ಕೇಳಿ ಯಶೋಧರಾಗೆ ಹಗುರಾಯಿತು. ತಪ್ಪು ಕಡಿಮೆಯಾಯಿತೆಂದಲ್ಲ. ಇದು ಇಬ್ಬರದು ಅಂದರೆ ಇಬ್ಬರದೇ, ಬೇರೆ ಯಾರ ತಲೆಗೂ ಇದನ್ನು ಹಂಚಬೇಕಾಗಿಲ್ಲ.

ಸಾಬಣ್ಣ ಎರಡು ಗಂಟೆಗೆ ಬಂದ. ಹುಬ್ಬು, ಕಣ್ಣರೆಪ್ಪೆ, ಕಿವಿಯ ಕೂದಲು ಎಲ್ಲ ಕಲ್ಲಿನ ದೂಳಿನಿಂದ ಬೆಳ್ಳಗಾಗಿದ್ದವು. “ಏನ್ ಅಕ್ಕೋರೆ, ನನ್ನ ಎದಿ ನನ್ನದಲ್ಲಂತಲ್ಲ?” ಎಂದು ನಗಿಸಲು ನೋಡಿ, ಹೆಂಡತಿಯ ಮುಖ ಕಂಡು, ಸುರೇಶಕುಮಾರ ಹೇಳಿದಂತೆ ಅಂಗಿ ತೆಗೆದು ತಟ್ಟೆಗೆ ಎದೆ ಒತ್ತಿ ಉಸಿರು ಹಿಡಿದು ನಿಂತ. ಚಿತ್ರ ಬಂತು. ಯಶೋಧರಾ ನೋಡಬಾರದೆಂದುಕೊಂಡೂ ನೋಡಿದಳು. ಎರಡೂ ಕಡೆ, ಮೇಲ್ಭಾಗದಲ್ಲಿ, ಸಣ್ಣ ಸಣ್ಣ ಚುಕ್ಕೆಗಳಿದ್ದವು.

“ದೂಳು ಕೂತದ ಅಜ್ಜ,” ಎಂದರು ಡಾಕ್ಟರು. “ಶುರುವಾಗ್ಯದ. ಕೂತಿದ್ದು ಹೊರಗ ಬರಂಗಿಲ್ಲ, ಸುಳ್ಳು ಹೇಳಂಗಿಲ್ಲ ನಿಮಗ. ಆದ್ರ ಇಲ್ಲಿಗೇ ದೂಳು ನಿಲ್ಲಿಸಿದ್ರ, ಔಷಧಿ ಬರಾಬ್ಬರಿ ತಗೊಂಡ್ರ, ಇನ್ನೂ ಭಾಳ ವರ್ಷ ಹೊಳ್ಯಾಗ ಮೀನ ಹಿಡೀತೀರಿ. ಕಫಾನೂ ಒಮ್ಮೆ ನೋಡೋಣ.” ಆಮೇಲೆ, “ಮಾರ್ಚಿನಾಗೇ ನಾ ಹೇಳಬೇಕಿತ್ತು ಇದು. ತಪ್ಪು ನಮ್ಮದು,” ಎಂದರು.

ಸಾಬಣ್ಣ ಅಂಗಿಯ ಗುಂಡಿ ಹಾಕಿಕೊಂಡ. ಒಂದು ಗುಂಡಿ ತಪ್ಪು ಕಾಜಿಗೆ ಹೋಗಿತ್ತು, ಬಿಚ್ಚಿ ಮತ್ತೆ ಹಾಕಿದ. “ಎರಡು ತಿಂಗಳು ಮೊಮ್ಮಗನ ಎದಿ ಹೊತ್ಕೊಂಡು ತಿರಗೀನಿ ನಾ,” ಎಂದ. ಸಿಟ್ಟೋ ದುಃಖವೋ ಗೊತ್ತಾಗುವಂತಿರಲಿಲ್ಲ, ಎರಡೂ ಇದ್ದಿರಬೇಕು. ಆಮೇಲೆ ಯಶೋಧರಾಳ ಕಡೆ ತಿರುಗಿ, “ಅದರೆ ಖರೇ ಅದ ಹೌದಿಲ್ಲೋ? ಅವನ ಎದಿ ಚೊಕ್ಕ ಅದ?”

“ಚೊಕ್ಕ ಅದ ಅಜ್ಜ. ನಾನೇ ನೋಡೀನಿ.”

“ಹಂಗಾರ ಇನ್ನ ಅವನೂ ಖಣಿಗೆ ಹೋಗಂಗಿಲ್ಲ. ಹೋಗಬ್ಯಾಡಂತ ಅವರಪ್ಪ ಭಾಳ ಹೇಳ್ದ, ನಾನೇ ಒಯ್ದು ನಿಲ್ಲಿಸೀನಿ, ನಾನೇ ಕರ್ಕೊಂಡು ಬರ್ತೀನಿ,” ಎಂದು ಎದ್ದ. ಆ ಮಾತು ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು, ಅಥವಾ ಯಶೋಧರಾಗೆ ಹಾಗೆ ಕಂಡಿತು. ನೀರು ಕುಡಿಯಲು ಅವನು ಹೊರಗಿನ ಬೆಂಚಿಗೆ ಹೋಗಿ ಕೂತ.

ಮೂರೂವರೆಗೆ ಸುರೇಶಕುಮಾರ ಪೆನ್‌ಡ್ರೈವು ಹಿಡಿದು ಬಂದು ಬೆನ್ನ ಹಿಂದೆ ನಿಂತಾಗ ಅವಳು ಟೈಪು ಮಾಡುತ್ತಿದ್ದಳು. ನಾಲ್ಕು ದಿನ ಆಗದೆ ಕೂತದ್ದು ಹನ್ನೊಂದು ಸಾಲಿನಲ್ಲಿ ಮುಗಿಯಿತು. ಇನ್ನು ಮೇಲೆ, ಯಾರೂ ಏನೂ ಹೇಳದಿದ್ದರೆ, ಅದು ಯಾವುದನ್ನೂ ಅಳಿಸುವುದಿಲ್ಲ, ಯಾವುದನ್ನೂ ಕೈಬಿಡುವುದಿಲ್ಲ. ನಿಲ್ಲುತ್ತದೆ, ನಿಂತು ಕೇಳುತ್ತದೆ. ಮೇಲೆ ಬರೆಯಲೇಬೇಕು ಅನ್ನುವವರು ಅದನ್ನು ಪೂರ್ತಿ ಪದಗಳಲ್ಲಿ ಬರೆದು ಹೇಳಬೇಕು.

“ಪ್ರತಿ ಸಲ ನಿಂತು ಕೇಳ್ಕೋತ ಕೂತ್ರ ಚಂದ್ರಕಲಾ ನನ್ನ ಬೈತಾಳ್ರಿ ಮೇಡಂ. ಚಹಾ ಆರಿಹೋಗ್ತದ ಆಕಿದು.”

“ನನ್ನ ನಂಬರ್ ಕೊಡು. ನನಗ ಬೈಲಿ,” ಎಂದಳು ಯಶೋಧರಾ. ಶುಕ್ರವಾರದ ನಂತರ ಮೊದಲ ಸಲ ಅವಳ ದನಿ ಅವಳದಾಗಿ ಕೇಳಿಸಿತು. ಪರೀಕ್ಷೆಗೆಂದು ಈಗಷ್ಟೇ ತೆಗೆದ ಸಾಬಣ್ಣನ ಚಿತ್ರವನ್ನೇ ಕೊಟ್ಟು ಎಂಟರ್ ಹೊಡೆದಳು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಮೂಡಿ ನಿಂತವು. ಅಂಬುಬಾಯಿ ಡಬ್ಬಿ ಮರೆತು ಹೋಗಬಾರದೆಂದು ಇನ್ನೂ ಅಲ್ಲಿಯೇ ಕೂತಿದ್ದಳು, ಡಬ್ಬಿ ಅರ್ಧ ಖಾಲಿಯಾಗಿತ್ತು, ಸುರೇಶಕುಮಾರನ ಮೂಗು ಆಗಲೇ ರಾಜಿಯಾಗಿತ್ತು.

“ಏನಂತದ ಅದು?” ಎಂದು ಮುದುಕಿ ಕೇಳಿದಳು.

ಯಶೋಧರಾ ಓದಿ ಹೇಳಿದಳು: “ಈ ಹೆಸರಿನವರು ಒಬ್ಬರು ಮೊದಲೇ ಇದ್ದಾರೆ. ಯಾರನ್ನೂ ಮುಟ್ಟಿಲ್ಲ. ಈಗ ಬಂದವರು ಯಾರು?”

ಉತ್ತರಕ್ಕೆ ಜಾಗ ಖಾಲಿಯಿತ್ತು. ವಯಸ್ಸು ಬರೆಯೋಣವೆಂದು ಬೆರಳೆತ್ತಿದಳು. ಬರುವ ವರ್ಷ ಅದು ಬದಲಾಗುತ್ತದೆ. ಹಿರಿಯ ಎಂದು ಬರೆದರೆ, ಇವತ್ತಿನ ಕಿರಿಯನೂ ಒಂದು ದಿನ ಹಿರಿಯನೇ. ಬೆರಳು ಗಾಳಿಯಲ್ಲಿ ನಿಂತಿತು.

“ನನ್ನ ಹೆಸರು ಬರಿ ತಂಗಿ,” ಎಂದಳು ಅಂಬುಬಾಯಿ. “ನನ್ನ ಹೆಸರು ಹೇಳಿದ್ರ ಯಾರಿಗೂ ಅನುಮಾನ ಬರಂಗಿಲ್ಲ.”

ಯಶೋಧರಾ ಅವಳ ಮುಖ ನೋಡಿದಳು. ಈ ದವಾಖಾನೆಯ ರಿಜಿಸ್ಟರುಗಳಲ್ಲಿ, ಅವಳು ನೋಡಿದ ಎಲ್ಲ ರಿಜಿಸ್ಟರುಗಳಲ್ಲಿ, ಹೆಂಗಸರಾದರೆ ಗಂಡನ ಹೆಸರು, ಗಂಡಸರಾದರೆ ತಂದೆಯ ಹೆಸರು. ಹೀಗೆ ತಿರುಗಿಸಿ ಬರೆದದ್ದನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ಬರೆಯಬಾರದೆಂದು ಯಾರೂ ಹೇಳಿಯೂ ಇರಲಿಲ್ಲ. ನಿಧಾನವಾಗಿ, ತಪ್ಪಾಗದಂತೆ, ಟೈಪು ಮಾಡಿದಳು: ಸಾಬಣ್ಣ ಹೆಂಡತಿ ಅಂಬುಬಾಯಿ. ಎಂಟರ್ ಹೊಡೆದಳು. ತೆರೆಯ ಮೇಲೆ ಎರಡು ಹೆಸರುಗಳು ಒಂದರ ಕೆಳಗೊಂದು, ಎರಡು ಎದೆಗಳು ಬೇರೆ ಬೇರೆಯಾಗಿ ನಿಂತವು.

ಓದಲು ಬಾರದ ಅಂಬುಬಾಯಿ ಕುರ್ಚಿಯಿಂದೆದ್ದು ತೆರೆಯ ಹತ್ತಿರ ಬಗ್ಗಿದಳು. “ಇದರಾಗ ನಾ ಎಲ್ಲಿದೀನಿ?” ಎಂದು ಕೇಳಿದಳು. ಯಶೋಧರಾ ಅವಳ ಬೆರಳು ಹಿಡಿದು, ಆ ಸಾಲಿನ ಕೊನೆಯ ಹೆಸರಿನ ಮೇಲೆ ಇಟ್ಟಳು.